ಮಾಸ್ತರರ ಆಟ ಯಾವಾಗ ಬರ್ತೈತಿ

ಇಳಕಲ್ಲಿನ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಮೂವರು ತಿಳಿವಳಿಕಸ್ಥರು ಒಂದೂವರೆ ವರ್ಷ ಕೂತು ಒಂದೇ ಒಂದು ವಿಷಯ ಚರ್ಚಿಸಿದರು: ಮಾಸ್ತರರ ಆಟ ಯಾವಾಗ ಬರುತ್ತದೆ? ಅದಕ್ಕೆ ಉತ್ತರ ಗೊತ್ತಿದ್ದವಳು ದಿನಾ ಸಂಜೆ ಅವರ ಮುಂದೆ ಚಹಾದ ತಾಟು ಇಟ್ಟು ಹೋಗುತ್ತಿದ್ದಳು. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ಅವಳು ನಾನು.

ಮಾಸ್ತರ ಅಂದರೆ ನನ್ನ ಅಪ್ಪ. ಡ್ರಾಯಿಂಗ್ ಮಾಸ್ತರನಾಗಿ ಊರಿನ ಅರ್ಧ ಜನಕ್ಕೆ ಮಾವಿನಕಾಯಿ ಮತ್ತು ತಂಬಿಗೆಯ ಚಿತ್ರ ಬರೆಯಲು ಕಲಿಸಿದವನು. ನಿವೃತ್ತಿಯಾದ ಮೇಲೆ ಮನೆಯಲ್ಲಿ ತಂಬಿಗೆ ಇತ್ತು, ಕಾಲಕ್ಕೆ ಸರಿಯಾಗಿ ಮಾವಿನಕಾಯಿಯೂ ಬರುತ್ತಿತ್ತು, ಬರೆಯುವ ಹುಡುಗರು ಇರಲಿಲ್ಲ. ಮೊದಲ ಎರಡು ತಿಂಗಳು ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಎಣ್ಣೆ ಬಣ್ಣದಲ್ಲಿ ‘ತೊಗರಿಬೇಳೆ’, ‘ಅಲಸಂದಿ’ ಎಂದು ದುಂಡಗೆ ಬರೆದ. ಡಬ್ಬಿಗಳು ಮುಗಿದಾಗ ಅವ್ವ, "ಇನ್ನ ನನ್ನ ಹಣಿ ಒಂದು ಉಳದೈತಿ, ಅದರ ಮ್ಯಾಲೂ ಒಂದೀಟು ಬರದುಬಿಡ್ರಿ" ಅಂದಳು. ಅಪ್ಪ ಕುಂಚ ತೊಳೆದಿಟ್ಟು ಕಟ್ಟೆಗೆ ಹೋಗಿ ಕೂತ.

ಆ ವರ್ಷದ ಯುಗಾದಿಯ ದಿನ ಬೇವು ಬೆಲ್ಲ ಹಂಚುವಾಗ ಅಪ್ಪ ಕಟ್ಟೆಯ ಮೇಲೆ ಘೋಷಿಸಿದ: ಪಗಡೆ ಹಳೆಯದಾಯಿತು, ತಾನು ಒಂದು ಹೊಸ ಆಟ ಕಂಡುಹಿಡಿಯುತ್ತಿದ್ದೇನೆ, ಲಗೂನೆ ಬರುತ್ತದೆ. ಮನೆಯವರಾದ ನಮಗೆ ಇದು ಕಟ್ಟೆಯ ಮೂಲಕವೇ ತಿಳಿಯಿತು. ನಮ್ಮ ಮನೆಯ ದೊಡ್ಡ ಸುದ್ದಿಗಳೆಲ್ಲ ಹಾಗೆಯೇ, ಬೀದಿಗೆ ಹೋಗಿ ಕೈಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದವು.

ಆಟ ಕಲ್ಪನೆಯಲ್ಲಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಪಗಡೆಯ ಹಾಸಿನ ನಾಲ್ಕು ತೋಳುಗಳ ಬದಲು ಒಂದು ರಸ್ತೆ. ಇಳಕಲ್ಲಿನಿಂದ ಹೊರಟ ಕಾಯಿ ಹುನಗುಂದ, ಅಮೀನಗಡ, ಬಾಗಲಕೋಟೆ, ಬಾದಾಮಿ ಸುತ್ತಿ, ಗುಳೇದಗುಡ್ಡದ ಮೇಲಿಂದ ಮರಳಿ ಇಳಕಲ್ಲಿಗೆ ಬಂದರೆ ಹಣ್ಣಾದಂತೆ. ನಾಲ್ಕು ಜನ ಆಡಬಹುದು. ಕವಡೆ ಎಸೆದು ನಡೆಯಬೇಕು. ಹುನಗುಂದದ ಮನೆಗೆ ಬಂದರೆ ಬಸ್ಸಿಗಾಗಿ ಒಂದು ಸರದಿ ಕಾಯಬೇಕು. ಅಮೀನಗಡದಲ್ಲಿ ಕರದಂಟು ತಿನ್ನುತ್ತ ಒಂದು ಸರದಿ ಕೂರಬೇಕು. ಬಾದಾಮಿಯಲ್ಲಿ ಮಂಗ ಕಾಯಿ ಕಸಿದುಕೊಂಡು ಹೋಗುತ್ತದೆ, ಮತ್ತೆ ಇಳಕಲ್ಲಿನಿಂದ ಹೊರಡಬೇಕು. ಬಾಗಲಕೋಟೆಯಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ಎರಡು ಸರದಿ ನಿಲ್ಲಬೇಕು. ಅಲ್ಲಿಯ ಜನ ಊರು ಮುಳುಗಿಸುವ ಅಣೆಕಟ್ಟಿನ ನೀರು ಇಂದು ಬಂತು, ನಾಳೆ ಬಂತು ಎಂದು ಎಷ್ಟು ವರ್ಷಗಳಿಂದ ಗೋಡೆಗೆ ಸುಣ್ಣ ಹಚ್ಚದೆ ಕೂತಿದ್ದರೋ, ಅವರಿಗೆ ಎರಡು ಸರದಿ ಏನೂ ಅಲ್ಲ.

ಇನ್ನು ಆ ಮೂವರು. ಒಬ್ಬರು ಬಾಗಲಕೋಟೆ-ಇಳಕಲ್ಲ ಬಸ್ಸಿನ ಕಂಡಕ್ಟರು. ಡ್ಯೂಟಿ ಮುಗಿದ ಕೂಡಲೇ ಖಾಕಿ ಅಂಗಿಯಲ್ಲೇ ನಮ್ಮ ಕಟ್ಟೆಗೆ ಬಂದುಬಿಡುತ್ತಿದ್ದರು. ಇನ್ನೊಬ್ಬರು ನಿವೃತ್ತ ಪೋಸ್ಟ್ ಮಾಸ್ತರರು, ಜಗತ್ತಿನ ಯಾವುದೇ ವಿಷಯ ಎಷ್ಟು ದಿನಕ್ಕೆ ತಲುಪುತ್ತದೆ ಎಂದು ಹೇಳಬಲ್ಲವರು. ಮೂರನೆಯವರು ಸೀರೆ ಅಂಗಡಿಯ ಸಾಹುಕಾರರು. ಆಟ ಬಂದರೆ ತಮ್ಮ ಅಂಗಡಿಯಲ್ಲೇ ಮೊದಲು ಇಡುತ್ತೇನೆ, ಮಾದರಿ ನೋಡಿಕೊಂಡು ಹತ್ತಿಪ್ಪತ್ತು ಹಾಸು ಮಾಡಿಸುತ್ತೇನೆ ಎಂದು ಅವರು ಮಾತು ಕೊಟ್ಟಿದ್ದರು. ಕೊಟ್ಟು ಸುಮ್ಮನಿರಲಿಲ್ಲ. ಸೀರೆಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದರು. ಮರೋಳದಿಂದ ಮದುವೆ ಜವಳಿಗೆ ಬಂದವರು ಸಹ ಹೋಗುವಾಗ, "ಅದೇನೋ ಆಟ ಬರ್ತೈತಂತ, ಬಂದೈತೇನ್ರಿ?" ಎಂದು ನಮ್ಮ ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು.

ಹಾಸು ಕಾಗದದ್ದಾದರೆ ಹರಿಯುತ್ತದೆ, ಬಟ್ಟೆಯದೇ ಆಗಬೇಕು, ಅದರ ಮೇಲೆ ಕಸೂತಿ ಹಾಕಿದರೆ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ ಎಂದು ಅಪ್ಪ ನಿರ್ಧರಿಸಿದ. ಗ್ರಾಫ್ ಕಾಗದದ ಮೇಲೆ ಒಂದು ವಾರದಲ್ಲಿ ನಕ್ಷೆ ಬರೆದು ಮುಗಿಸಿದ. ಅಲ್ಲಿಗೆ ಆಟ ಕಂಡುಹಿಡಿಯುವ ಅವನ ಕೆಲಸ ಮುಗಿಯಿತು. ಉಳಿದದ್ದು ಸೂಜಿಯ ಕೆಲಸ, ಅಂದರೆ ಕೆಲಸವೇ ಅಲ್ಲ, ಅಂದರೆ ನನ್ನದು. ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಎಲ್ಲರ ಪ್ರಕಾರ ಗಂಡು ಬರುವುದನ್ನು ಕಾಯುತ್ತಿದ್ದೆ. ಅವ್ವನ ಒಂದು ಹಳೆಯ ಚಂದ್ರಕಾಳಿ ಸೀರೆಯ ಕರಿ ಒಡಲನ್ನು ಕತ್ತರಿಸಿ ನನ್ನ ಮುಂದಿಟ್ಟರು.

ನಾನು ಎರಡು ಮಾತು ಕೇಳಿದೆ. "ಅಪ್ಪಾ, ಮೊದಲ್ನೇ ಕವಡಿ ನಾ ಒಗಿಬೇಕು. ಮತ್ತ ಇದನ್ನ ಮಾಡಿದಾಕಿ ನಾನು ಅಂತ ಕಟ್ಟಿ ಮ್ಯಾಲ ನೀನ ಹೇಳಬೇಕು."

"ಅದಕ್ಕೇನವ್ವಾ, ಎಲ್ಲಾರ ಮುಂದ ಹೇಳ್ತೇನಿ" ಎಂದ, ಗ್ರಾಫ್ ಕಾಗದದಿಂದ ತಲೆ ಎತ್ತದೆ.

ಹುಡುಗಾಟಕ್ಕೆ ಕೇಳಿದ್ದಲ್ಲ ಅದು. ಆ ಮನೆಯಲ್ಲಿ ರೊಟ್ಟಿ ತನ್ನಷ್ಟಕ್ಕೆ ತಟ್ಟಿಕೊಳ್ಳುತ್ತಿತ್ತು, ನೀರು ತನ್ನಷ್ಟಕ್ಕೆ ಹಂಡೆ ತುಂಬುತ್ತಿತ್ತು, ಕೌದಿ ತಾನೇ ಹೊಲಿದುಕೊಳ್ಳುತ್ತಿತ್ತು. ಯಾವುದನ್ನೂ ನೋಡಿ ‘ಇದು ಇವಳು ಮಾಡಿದ್ದು’ ಎಂದು ಯಾರೂ ಅಂದಿರಲಿಲ್ಲ. ಒಮ್ಮೆ, ಒಂದೇ ಒಂದು ಸಲ, ನಾಲ್ಕು ಜನರ ಮುಂದೆ ಆ ಮಾತು ಕೇಳಬೇಕು ಎಂದು ನನಗೆ ತುಂಬಾ ಆಸೆಯಿತ್ತು. ಆ ಆಸೆಯ ಮೇಲೇ ನಾನು ಅಷ್ಟು ದಿನ ಎಳೆ ಎಣಿಸಿದೆ.

ಎಣಿಸಲೇಬೇಕು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆಗಳನ್ನು ಕಣ್ಣಿನಲ್ಲಿ ಎಣಿಸಿಕೊಂಡು ಸೂಜಿ ಚುಚ್ಚಬೇಕು. ಗಂಟು ಹಾಕುವಂತಿಲ್ಲ. ಗವಂತಿ ಹೊಲಿಗೆಯಲ್ಲಿ ಒಂದು ಎಳೆ ಬಿಟ್ಟು ಒಂದು ಹೋಗಿ, ಅದೇ ದಾರಿಯಲ್ಲಿ ಖಾಲಿ ಬಿಟ್ಟದ್ದನ್ನು ತುಂಬುತ್ತ ವಾಪಸು ಬರಬೇಕು. ಸರಿಯಾಗಿ ಬಂದರೆ ಮುಂದೆಯೂ ಹಿಂದೆಯೂ ಒಂದೇ ಚಿತ್ರ. ಹೋಗುವಾಗ ಎಲ್ಲೋ ಒಂದು ಎಳೆ ತಪ್ಪಿದ್ದರೆ ಬರುವಾಗ ಗೆರೆ ಕೂಡುವುದಿಲ್ಲ. ಆಗ ಅಮೀನಗಡದಲ್ಲಿ ಆದ ತಪ್ಪಿಗೆ ಹುನಗುಂದದ ತನಕ ಬಿಚ್ಚಬೇಕು.

ನಾನು ಕಿಟಕಿಯ ಒಳಗೆ, ಅವರು ಕಿಟಕಿಯ ಹೊರಗೆ. ನಡುವೆ ಮೂರು ಕಬ್ಬಿಣದ ಸರಳು. ಹೀಗಾಗಿ ನನ್ನ ಸೂಜಿ ಯಾವಾಗ ಎಲ್ಲಿಗೆ ಮುಟ್ಟುತ್ತದೆ ಎಂಬ ಭವಿಷ್ಯವನ್ನು ನಾನು ದಿನಾ ಬಿಟ್ಟಿಯಾಗಿ ಕೇಳುತ್ತಿದ್ದೆ.

"ಮಾಸ್ತರು ನಿನ್ನೆ ಹೊಸಾ ಚಾಳೀಸು ಹಾಕ್ಕೊಂಡಾರ. ಅಂದ್ರ ಸಣ್ಣ ಕೆಲಸ ಸುರು ಆಗೈತಿ. ದಸರಾಕ್ಕ ಬರ್ತೈತಿ ನೋಡ್ರಿ" ಎಂದು ಕಂಡಕ್ಟರು ಹೇಳುತ್ತಿದ್ದರು.

"ಛೇ, ಛೇ. ಬುದ್ಧಿ ಕೆಲಸ ಅಂದ್ರ ಮನಿಯಾರ್ಡರ್ ಅಲ್ಲ. ಇಂಥಾದ್ದಕ್ಕ ಎರಡು ವರ್ಷ ಬೇಕ" ಎಂದು ಪೋಸ್ಟ್ ಮಾಸ್ತರರು ಬೆರಳು ಮಡಿಸುತ್ತಿದ್ದರು.

ಅಪ್ಪ ಪೆನ್ಸಿಲ್ ಹೆರೆದರೆ ಆಟ ಹತ್ತಿರ ಬಂತು. ಹೆರೆಯದಿದ್ದರೆ ನಕ್ಷೆ ಮುಗಿದಿದೆ, ಇನ್ನೂ ಹತ್ತಿರ ಬಂತು. ಅಪ್ಪನಿಗೆ ನೆಗಡಿಯಾದರೆ ಒಂದು ತಿಂಗಳು ಮುಂದೆ ಹೋಯಿತು. ಒಮ್ಮೆ ಅಪ್ಪ ಆಕಾಶ ನೋಡುತ್ತ ನಿಂತಿದ್ದ. ಒಣಹಾಕಿದ ಹಪ್ಪಳಕ್ಕೆ ಮಳೆ ಬರುತ್ತದೋ ನೋಡು ಎಂದು ಅವ್ವ ಕಳಿಸಿದ್ದಳು. ಅದರಿಂದ ಸಾಹುಕಾರರು, ಮಾಸ್ತರರು ಆಟದಲ್ಲಿ ಗ್ರಹಗಳನ್ನು ಸೇರಿಸುತ್ತಿದ್ದಾರೆ ಎಂದು ತೀರ್ಮಾನಿಸಿದರು. ಅಪ್ಪ ಅಲ್ಲಗಳೆಯಲಿಲ್ಲ. ಮುಗುಳ್ನಕ್ಕ. ಅಷ್ಟು ವರ್ಷ ಬೆಂಚಿನ ಮೇಲೆ ಗದ್ದಲ ಮಾಡುವವರ ಮುಂದೆ ನಿಂತ ಮನುಷ್ಯನಿಗೆ, ತನ್ನ ಮೌನವನ್ನು ಕೂಡ ಇಷ್ಟು ಗಮನವಿಟ್ಟು ಕೇಳುವವರು ಸಿಕ್ಕರೆ ಬಿಡುತ್ತಾನೆಯೇ?

ಮಂಗನ ಬಾಯಿಗೂ ಬಾಲಕ್ಕೂ ಅವ್ವ ಸಾಹುಕಾರರ ಅಂಗಡಿಯಿಂದ ಕೆಂಪು ರೇಷ್ಮೆ ಎಳೆ ತಂದಳು. ಅಂಗಡಿಯಲ್ಲೇ ಕೂತಿದ್ದ ಪೋಸ್ಟ್ ಮಾಸ್ತರರು ಅದನ್ನು ನೋಡಿದರು. ಕೆಂಪು ರೇಷ್ಮೆ, ಮನೆಯಲ್ಲಿ ಮದುವೆ ವಯಸ್ಸಿನ ಹುಡುಗಿ. ಸಂಜೆಯ ಹೊತ್ತಿಗೆ ನನ್ನ ಮದುವೆ ಗೊತ್ತಾಗಿತ್ತು. ಕಟ್ಟೆಗೆ ಅದರಿಂದ ಆದ ದುಃಖ ಒಂದೇ: ಮದುವೆ ಗದ್ದಲದಲ್ಲಿ ಆಟ ಮುಂದಿನ ಯುಗಾದಿಗೆ ಹೋಗುತ್ತದಲ್ಲ! ಕಂಡಕ್ಟರು ಈ ಸುದ್ದಿಯನ್ನು ಬಸ್ಸಿನಲ್ಲಿ ಟಿಕೀಟಿನ ಜೊತೆ ಹಂಚಿದ್ದರಿಂದ, ತಮ್ಮ ಹುಡುಗನಿಗೆ ನನ್ನನ್ನು ನೋಡಬೇಕೆಂದಿದ್ದ ಕಲಾದಗಿಯ ಇಬ್ಬರು ಹಿರಿಯರು ಒಂದು ಬುಟ್ಟಿ ದಾಳಿಂಬೆಯೊಂದಿಗೆ ಓಡಿ ಬಂದರು, ಖರೇ ಗೊತ್ತಾಗಿದೆಯೋ ಇಲ್ಲವೋ ಕೇಳಲು. ಅಪ್ಪ ಅವರನ್ನು ಕೂಡಿಸಿ ಎರಡು ತಾಸು ಆಟದ ನಿಯಮ ವಿವರಿಸಿದ. ಅವರು ಮತ್ತೆ ಬರಲಿಲ್ಲ. ಆ ಆಟದಿಂದ ನನಗಾದ ಮೊದಲ ಉಪಕಾರ ಅದು.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಕಾಯುವವರು ಬರೀ ಕಾಯುತ್ತಾರೆಯೇ? ಸಲಹೆ ಕೊಡುತ್ತಾರೆ. ಹುನಗುಂದ ದಾಟಿದ ಮೇಲೆ ಬಸ್ ಪಂಕ್ಚರ್ ಆಗದಿದ್ದರೆ ಆಟಕ್ಕೆ ನಿಜ ಎಲ್ಲಿಂದ ಬರಬೇಕು ಎಂದು ಕಂಡಕ್ಟರು ಕೇಳಿದರು. ಅಪ್ಪ ಒಳಗೆ ಬಂದು ನಕ್ಷೆ ತಿದ್ದಿದ. ನಾನು ಹನ್ನೊಂದು ಮನೆ ಬಿಚ್ಚಿದೆ. ಬಾಗಲಕೋಟೆಯಲ್ಲಿ ಅಂಚೆ ಕಚೇರಿ ಇಲ್ಲವೇ ಎಂದು ಪೋಸ್ಟ್ ಮಾಸ್ತರರು ನೊಂದುಕೊಂಡರು. ಮತ್ತೆ ಬಿಚ್ಚಿದೆ. ಮಂಗವನ್ನು ಕಣ್ಣಾರೆ ನೋಡಿ ಬರೆಯಬೇಕು ಎಂದು ಸಾಹುಕಾರರು ಹುರಿದುಂಬಿಸಿದ್ದಕ್ಕೆ ಅಪ್ಪ ಬಾದಾಮಿಗೆ ಹೋಗಿ ಬಂದ. ಬುತ್ತಿಯ ರೊಟ್ಟಿಗಂಟು ಮಂಗಗಳಿಗೆ ಬಿಟ್ಟು ಬಂದದ್ದಲ್ಲದೆ, ಬಾಲ ಎಡಕ್ಕೆ ಇರುವ ಹೊಸ ಮಂಗನ ಚಿತ್ರವನ್ನೂ ತಂದ. ನಾನು ಬಾಲವನ್ನು ಬಲಕ್ಕೆ ಹಾಕಿ ಮುಗಿಸಿದ್ದೆ. ಆ ಬಾಲ ಬಿಚ್ಚುವಾಗ ನನ್ನ ಬಾಯಿಂದ ಬಂದ ಮಾತನ್ನು ಕೇಳಿ ಅವ್ವ ಅಡುಗೆಮನೆಯಿಂದ ಓಡಿ ಬಂದಳು.

ಅದೇ ಸಂಜೆ ಕಿಟಕಿಯಾಚೆ ಕಂಡಕ್ಟರು, "ಮಾಸ್ತರು ಯಾಕ ಇಷ್ಟ ತಡಾ ಮಾಡಾಕತ್ತಾರಂತೀನಿ" ಎಂದರು. "ಕಲಾವಿದರ ಮನಸ್ಸು ಹಂಗ ಇರ್ತೈತಿ, ಅವಸರ ಮಾಡಬಾರದು" ಎಂದು ಸಾಹುಕಾರರು ಸಮಾಧಾನ ಹೇಳಿದರು. ಬಿಚ್ಚಿದ ಬಾಲ ನನ್ನ ತೊಡೆಯ ಮೇಲೆ ಕೆಂಪು ಕಸವಾಗಿ ಬಿದ್ದಿತ್ತು.

ಎರಡನೆಯ ವರ್ಷದ ಆಷಾಢದಲ್ಲಿ ನಾನು ಸೂಜಿ ಕೆಳಗಿಟ್ಟೆ. ಜಗಳ ಮಾಡಲಿಲ್ಲ. ಅಪ್ಪ ಹೊಸ ತಿದ್ದುಪಡಿ ತಂದಾಗ ‘ಹೂಂ’ ಅಂದು ಕಾಗದ ಇಸಿದುಕೊಂಡು ಹಾಸಿಗೆಯ ಕೆಳಗೆ ಇಡತೊಡಗಿದೆ. ಹೀಗೆ ಹದಿನೈದು ದಿನ. ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ, ಇನ್ನು ಯಾರ ಮಾತನ್ನೂ ಹೊಲಿಯುವುದಿಲ್ಲ ಎಂದುಕೊಂಡು ಮೊದಲಿನ ನಕ್ಷೆಯನ್ನೇ ಹಿಡಿದು ಕೂತೆ. ಪಂಕ್ಚರ್ ಇಲ್ಲ, ಅಂಚೆ ಕಚೇರಿ ಇಲ್ಲ, ಮಂಗನ ಬಾಲ ಬಲಕ್ಕೆ. ಸಲಹೆಗಳಿಲ್ಲದ ಹಾಸು ಎಷ್ಟು ಬೇಗ ಮುಗಿಯುತ್ತದೆ ಎಂದರೆ ನನಗೇ ನಗು ಬಂತು. ನಾಗರಪಂಚಮಿಗೆ ಎರಡು ದಿನ ಮೊದಲು ಕೊನೆಯ ಎಳೆ ಮುಟ್ಟಿತು.

ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ತವರಿಗೆ ಬರುತ್ತಾರೆ, ಜೋಕಾಲಿ ಜೀಕುತ್ತಾರೆ, ತಂಬಿಟ್ಟು ತಿನ್ನುತ್ತ ಪಗಡೆ ಆಡುತ್ತಾರೆ. ವರ್ಷದಲ್ಲಿ ಆ ಕೆಲವು ದಿನ ಹೆಂಗಸರು ಕೂತು ಆಡಿದರೆ ಯಾರೂ ಏನೂ ಅನ್ನುವುದಿಲ್ಲ. ಹುನಗುಂದದಿಂದ ಅಕ್ಕ ಬಂದಿದ್ದಳು. ಪಕ್ಕದ ಮನೆಯ ಕಾಕು ಬಂದಳು. ಅವ್ವ ನನ್ನ ಕೈಯಿಂದ ಹಾಸು ಕಸಿದುಕೊಂಡು ನಡುಮನೆಯಲ್ಲಿ ಹಾಸಿಯೇ ಬಿಟ್ಟಳು. "ಮುಗದೈತಿಲ್ಲ? ಮತ್ಯಾಕ ಪೂಜಿ ಮಾಡೂದು? ಒಗಿ ಕವಡಿ" ಎಂದಳು. ಮೊದಲನೆಯ ಕವಡೆ ನಾನೇ ಎಸೆದೆ. ಅಪ್ಪ ಕೊಟ್ಟ ಎರಡು ಮಾತಿನಲ್ಲಿ ಒಂದನ್ನು ಹೀಗೆ ಅವ್ವ ನಡೆಸಿಕೊಟ್ಟಳು.

ಇಡೀ ಊರು ಒಂದೂವರೆ ವರ್ಷ ಕಾದ ಆಟ ಒಂದು ಮಧ್ಯಾಹ್ನ ಆಡಿದ ಮೇಲೆ ತಿಳಿಯಿತು, ಅದರಲ್ಲಿ ಆಟವೇ ಇರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಒಬ್ಬಳು ಬಸ್ಸಿಗೆ, ಒಬ್ಬಳು ಕರದಂಟಿಗೆ, ಇಬ್ಬರು ನೀರಿಗೆ. ಅಕ್ಕ ಆಕಳಿಸಿದಳು. ಅವ್ವ, "ನಿಮ್ಮಪ್ಪ ಸಾಲ್ಯಾಗ ಹುಡುಗರನ್ನ ಬೆಂಚಿನ ಮ್ಯಾಲ ನಿಂದರಸ್ತಿದ್ದನಲ್ಲ, ಹಂಗ ಕಾಯಿಗಳ್ನೂ ನಿಂದರಸ್ಯಾನ" ಅಂದಳು.

ನನಗೆ ಸಿಟ್ಟು ಬಂತು. ಅಷ್ಟು ಎಳೆ ಎಣಿಸಿದ್ದು ಇದಕ್ಕೇನು? ಕೂತಲ್ಲೇ ಒಂದು ನಿಯಮ ಬದಲಿಸಿದೆ. ಕಾಯುತ್ತಿರುವ ಕಾಯಿಯ ಮನೆಗೆ ಇನ್ನೊಬ್ಬರ ಕಾಯಿ ಬಂದರೆ, ಪಗಡೆಯಲ್ಲಿ ಹೊಡೆಯುವ ಹಾಗೆ ಹೊಡೆಯಬಹುದು. ಇಲ್ಲವೇ ಅದನ್ನು ಎಬ್ಬಿಸಿ ಜೊತೆಗೆ ಕರೆದುಕೊಂಡು ಹೋಗಬಹುದು. ಅಲ್ಲಿಂದ ಎರಡೂ ಜೋಡಿ. ಇಬ್ಬರ ಕವಡೆಗೂ ಎರಡೂ ನಡೆಯುತ್ತವೆ. ಆದರೆ ಇಬ್ಬರಲ್ಲಿ ಯಾರಾದರೂ ತಮ್ಮ ಸರದಿಯಲ್ಲಿ ಇನ್ನೊಬ್ಬರನ್ನು ಕೈಬಿಟ್ಟು ಮುಂದೆ ಹೋಗಬಹುದು, ಅದೂ ಬಾದಾಮಿಯ ಮಂಗನ ಮುಂದೆ.

ಆಮೇಲೆ ನಡುಮನೆಯಲ್ಲಿ ನಡೆದದ್ದನ್ನು ಹೇಳಬಾರದು. ಕಾಕುವನ್ನು ಅಕ್ಕ ಬಾಗಲಕೋಟೆಯ ನೀರಿನಿಂದ ಎತ್ತಿಕೊಂಡು ಬಂದಳು. ಕಾಕು ಅವಳನ್ನು ಹರಸಿದಳು. ಹರಸಿದ ಬಾಯಿ ಮುಚ್ಚುವ ಮೊದಲೇ ಅಕ್ಕನನ್ನು ಮಂಗನಿಗೆ ಒಪ್ಪಿಸಿ ಗುಳೇದಗುಡ್ಡ ದಾಟಿದಳು. ಅಕ್ಕ, "ಯವ್ವಾ, ಇಕೀ ನನ್ನ ಕೊಂದ್ಳು" ಎಂದು ಎದೆ ಬಡಿದುಕೊಂಡಳು. ಅವ್ವ ಇಬ್ಬರೊಂದಿಗೂ ಜೋಡಿಯಾಗಿ ಇಬ್ಬರನ್ನೂ ಬಿಟ್ಟಳು. ಮರುದಿನ ಓಣಿಯ ಇನ್ನಷ್ಟು ಹೆಂಗಸರು ಬಂದರು. ನಾಲ್ಕು ದಿನ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಆ ನಾಲ್ಕೂ ದಿನ ಚರ್ಚೆ ಬಿರುಸಾಗಿ ನಡೆದಿತ್ತು: ದಸರೆಯೋ, ದೀಪಾವಳಿಯೋ? ಗೋಡೆಯ ಈ ಕಡೆ ಆಟ ಬಂದು ಹಳೆಯದಾಗುತ್ತಿತ್ತು, ಆ ಕಡೆ ಇನ್ನೂ ಮುಹೂರ್ತ ಹುಡುಕುತ್ತಿದ್ದರು. ನಾಲ್ಕನೆಯ ದಿನ ಪೋಸ್ಟ್ ಮಾಸ್ತರರಿಗೆ ಬೇಸರವಾಯಿತು. "ಒಳಗ ಹೆಣಮಕ್ಕಳದ್ದು ಪಂಚಮಿ ಭಾಳ ಜೋರ ನಡದೈತಿ. ಒಂದೀಟು ಸುಮ್ಮಿರಂತ ಹೇಳ್ರಿ ಮಾಸ್ತರ. ಇಲ್ಲೆ ಆಟದ ವಿಚಾರ ನಡದೈತಿ, ಒಂದೂ ಕೇಳಸವಲ್ದು" ಎಂದರು.

ನಮ್ಮನ್ನು ಸುಮ್ಮನಿರಿಸಲು ಅಪ್ಪ ಒಳಗೆ ಬಂದ. ಬಾಗಿಲಲ್ಲೇ ನಿಂತ. ಹಾಸನ್ನು ನೋಡಿದ, ನನ್ನನ್ನು ನೋಡಿದ, ಮಂಗನ ಬಾಲ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಅವ್ವ ಮಾತ್ರ ತಲೆ ಎತ್ತದೆ, "ಬರ್ರಿ, ಕೂಡ್ರಿ. ಕಾಕು ಮನಿಗೆ ಹೊಂಟಾಳ, ಅಕೀ ಕಾಯಿ ನೀವ ಆಡ್ರಿ" ಅಂದಳು.

ಅಪ್ಪ ಕೂತ. ಜೋಡಿಯ ವಿಷಯ ಹೇಳಿದಾಗ, "ಇದು ನನ್ನ ರೂಲು ಅಲ್ಲ" ಎಂದ.

"ನಿನ್ನ ರೂಲಿನಾಗ ಯಾವ ಕಾಯಿನೂ ಮನಿ ಮುಟ್ಟೂದಿಲ್ಲಪಾ" ಎಂದೆ.

ಓಣಿಯ ಹೆಂಗಸರೆಲ್ಲ ಎದ್ದು ಹೋದ ಮೇಲೂ ದೀಪ ಹಚ್ಚುವ ಹೊತ್ತಿನವರೆಗೆ ಆಡಿದ. ಅವ್ವ ಅವನನ್ನು ಅಮೀನಗಡದಿಂದ ಪ್ರೀತಿಯಿಂದ ಕರೆದುಕೊಂಡು ಹೋಗಿ ಬಾದಾಮಿಯಲ್ಲಿ ಬಿಟ್ಟಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಾನು ಗೆದ್ದೆ. ಏಳುವಾಗ ಹಾಸನ್ನು ತಿರುವಿ ಹಿಂದಿನ ಹೊಲಿಗೆ ನೋಡಿದ, ಮುಂದಿನ ಹಾಗೆಯೇ ಇತ್ತು. ಬೆರಳಿನಿಂದ ಹುನಗುಂದವನ್ನು ಸವರಿ, "ಆಟ ನೀ ಮಾಡಿದ್ಯವ್ವಾ. ನಾ ಬರೇ ರಸ್ತಾ ಬರದೆ" ಎಂದ. ಅಪ್ಪನ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಆದರೆ ಕೇಳಿದವರು ನಾನು, ಅವ್ವ, ಅಕ್ಕ ಮೂವರೇ, ಅದೂ ನಡುಮನೆಯಲ್ಲಿ. ಕಟ್ಟೆಯ ಮೇಲೆ ಹೇಳುವುದು ಇನ್ನೂ ಬಾಕಿ ಇತ್ತು. ನಾನು ಕೇಳದೆಯೇ ಅಪ್ಪ, "ದಸರಾ ದಿನ ಹೊರಗ ತರೂಣು. ಅವತ್ತ ಎಲ್ಲಾರ ಮುಂದ ಹೇಳ್ತೇನಿ" ಎಂದ.

ದಸರೆಯ ದಿನ ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಕೈ ಮುಗಿದುಕೊಂಡ ಮೇಲೆ ಅಪ್ಪ ಹಾಸನ್ನು ಕಟ್ಟೆಯ ಮೇಲೆ ಬಿಚ್ಚಿದ. ಕಂಡಕ್ಟರು ಆಟವನ್ನು ಮೊದಲು ನೋಡಲೇ ಇಲ್ಲ. "ನಾ ಹೇಳಿದ್ದಿಲ್ಲೇನು? ದಸರಾಕ್ಕ ಅಂತ ಹೋದ ವರ್ಷನ ಹೇಳಿದ್ದೆ" ಎಂದು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಿದರು. ಹೋದ ವರ್ಷ ಅವರು ಹೇಳಿದ್ದು ಹೋದ ವರ್ಷದ ದಸರೆ ಎಂಬುದನ್ನು ಯಾರೂ ನೆನಪಿಸಲಿಲ್ಲ. ಪೋಸ್ಟ್ ಮಾಸ್ತರರು ತಮ್ಮ ಎರಡು ವರ್ಷದ ಲೆಕ್ಕವೂ ಹೆಚ್ಚುಕಡಿಮೆ ಸರಿ ಬಂತೆಂದು ಸಾಧಿಸಿದರು. ನಂತರ ಮೂವರೂ ಅಪ್ಪನೊಂದಿಗೆ ಆಡಲು ಕೂತರು. ಬರುಬರುತ್ತ ಹತ್ತಿಪ್ಪತ್ತು ಜನ ಸುತ್ತ ನಿಂತರು.

ಪೋಸ್ಟ್ ಮಾಸ್ತರರು ಸಾಹುಕಾರರನ್ನು ಜೋಡಿ ಮಾಡಿಕೊಂಡು ಮಂಗನ ಬಾಯಿಗೆ ಕೊಟ್ಟ ಕ್ಷಣ ಕಟ್ಟೆ ಹಾರಿಹೋಗುವಷ್ಟು ಗದ್ದಲವಾಯಿತು. ಸಾಹುಕಾರರು ಸೋತರೂ ಕುಣಿದಾಡಿದರು. "ಏನ್ ತಲೀರಿ ಮಾಸ್ತರ ನಿಮ್ದು! ಈ ಜೋಡಿ ರೂಲು ಐತಲ್ಲ, ಇದರಾಗ ಇಡೀ ಸಂಸಾರ ಐತಿ. ಇದಕ್ಕ ನೋಡ್ರಿ ಇಷ್ಟ ದಿನಾ ಹಿಡಿದದ್ದು. ಒಂದೂವರಿ ವರ್ಷ ವಿಚಾರ ಮಾಡದ ಇಂಥಾದ್ದು ಹೊಳಿಯೂದಿಲ್ಲ" ಎಂದರು.

ನಾನು ಚಹಾದ ತಾಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ.

ಅಪ್ಪ ಗಂಟಲು ಸರಿಮಾಡಿಕೊಂಡ. "ಆ ರೂಲು ನಂದಲ್ರಿ" ಎಂದ, ಎಲ್ಲರಿಗೂ ಕೇಳುವ ಹಾಗೆ, ಮಾಸ್ತರಿಕೆಯ ದನಿಯಲ್ಲಿ. "ನನ್ನ ಮಗಳದು. ಹಾಸು ಅಕೀನ ಹಾಕ್ಯಾಳ. ಖರೆ ಹೇಳಬೇಕಂದ್ರ ಆಟ ಅಕೀದ."

ಸಾಹುಕಾರರು ಗಹಗಹಿಸಿ ನಕ್ಕು ಅಪ್ಪನ ಬೆನ್ನು ತಟ್ಟಿದರು. "ನೋಡ್ರೆಪಾ, ದೊಡ್ಡ ಮನಸ್ಸಂದ್ರ ಇದು! ಇಷ್ಟೆಲ್ಲಾ ಮಾಡಿ ಮಗಳ ಹೆಸರು ಹೇಳ್ತಾರ!"

"ಹುಡುಗಿಗೆ ವರ ಲಗೂ ಸಿಗ್ತೈತಿ ಬಿಡ್ರಿ" ಎಂದು ಪೋಸ್ಟ್ ಮಾಸ್ತರರು ಕಣ್ಣು ಮಿಟುಕಿಸಿದರು. ಸುತ್ತ ನಿಂತವರೆಲ್ಲ ನಕ್ಕರು. ಅಪ್ಪನ ವಿನಯಕ್ಕೆ ಯಾರೋ ಚಪ್ಪಾಳೆ ಸಹ ತಟ್ಟಿದರು.

ಅಪ್ಪ ನನ್ನ ಕಡೆ ನೋಡಿದ. ನಾನು ಅವನನ್ನೇ ನೋಡುತ್ತ ನಿಂತಿದ್ದೆ. ಇನ್ನೊಮ್ಮೆ ಹೇಳು ಅಪ್ಪಾ, ನಗಬ್ಯಾಡ್ರಿ ಅಂತ ಹೇಳು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಕಂಡಕ್ಟರು, "ನಿಮ್ಮ ಸರದಿ ಮಾಸ್ತರ" ಎಂದು ಕವಡೆಗಳನ್ನು ಅವನ ಅಂಗೈಗೆ ಹಾಕಿದರು. ಅಪ್ಪ ಎಲ್ಲರ ಜೊತೆ ತಾನೂ ಸಣ್ಣಗೆ ನಕ್ಕ, ಕವಡೆ ಎಸೆದ, ಎಷ್ಟು ಬಿತ್ತೆಂದು ಬಗ್ಗಿ ನೋಡಿದ. ಎರಡನೆಯ ಸಲ ಹೇಳಲಿಲ್ಲ.